ವೃದ್ಧಾಪ್ಯದಲ್ಲಿ ಸ್ಮರಣಶಕ್ತಿ ಮತ್ತು ಮೆದುಳಿನ ರಾಸಾಯನಿಕಗಳು

ವಯಸ್ಸು ಹೆಚ್ಚಿದಂತೆ ಮೆದುಳಿನಲ್ಲಿ ಉತ್ಪತ್ತಿಯಾಗುವ ರಾಸಾಯನಿಕಗಳ ಪ್ರಮಾಣವೂ ಅವುಗಳನ್ನು ಗ್ರಹಿಸುವ ನರಕೋಶಗಳ ಸಾಮರ್ಥ್ಯವೂ ಬದಲಾಗುತ್ತವೆ. ಹೊಸ ವಿಷಯವನ್ನು ಕಲಿಯುವ, ಕಲಿತದ್ದನ್ನು ಉಳಿಸಿಕೊಳ್ಳುವ ಮತ್ತು ಬೇಕಾದಾಗ ಸ್ಮರಿಸುವ ಶಕ್ತಿಯ ಮೇಲೆ ಈ ಬದಲಾವಣೆಯು ಪರಿಣಾಮ ಬೀರುತ್ತದೆ. ಕನ್ನಡದ 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯು ಮರೆವನ್ನು ವಯೋಧರ್ಮವೆಂದೇ ಭಾವಿಸುತ್ತದೆ. ಆದರೆ ಎಲ್ಲ ಮರೆವೂ ಒಂದೇ ಬಗೆಯದಲ್ಲ. ಕೆಲವು ವಯೋಸಹಜ, ಕೆಲವು ರೋಗಜನ್ಯ, ಮತ್ತೆ ಕೆಲವು ಚಿಕಿತ್ಸೆಯಿಂದ ಸರಿಹೋಗುವಂಥವು.

ನೆನಪು ಮೂಡುವ ಬಗೆ

ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶವನ್ನು ಒಯ್ಯುವ ರಾಸಾಯನಿಕಗಳನ್ನು ನರವಾಹಕಗಳು ಎನ್ನುತ್ತಾರೆ. ಒಂದೇ ಸಂದೇಶವು ಮತ್ತೆ ಮತ್ತೆ ಸಾಗಿದಾಗ ಆ ಕೋಶಗಳ ನಡುವಿನ ಸಂಪರ್ಕವು ಬಲಗೊಳ್ಳುತ್ತದೆ. ಇದೇ ನೆನಪಿನ ಬುನಾದಿ. ಹೊಸ ನೆನಪುಗಳು ರೂಪುಗೊಳ್ಳಲು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗವು ಅತ್ಯಗತ್ಯ.

ಪ್ರಮುಖ ರಾಸಾಯನಿಕಗಳು

ಅಸಿಟೈಲ್‌ಕೋಲಿನ್: ಗಮನ ಮತ್ತು ಕಲಿಕೆಗೆ ಇದು ಮುಖ್ಯವಾದುದು. ದತ್ತೂರಿ ಗಿಡದಲ್ಲಿರುವ ಸ್ಕೋಪೊಲಮಿನ್ ಎಂಬ ವಸ್ತುವು ಇದರ ಕೆಲಸವನ್ನು ತಡೆಯುತ್ತದೆ. ದತ್ತೂರಿ ಬೀಜ ತಿಂದವರಿಗೆ ಬುದ್ಧಿಭ್ರಮಣೆಯಾಗಲು ಇದೂ ಒಂದು ಕಾರಣ. 1974ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಯುವಕರಿಗೆ ಸ್ಕೋಪೊಲಮಿನ್ ನೀಡಿದಾಗ, ಅವರಲ್ಲಿ ವೃದ್ಧರನ್ನು ಹೋಲುವ ಮರೆವು ಕಾಣಿಸಿಕೊಂಡಿತು.

ಡೋಪಮೈನ್: ಉತ್ಸಾಹ ಹಾಗೂ ಯೋಚನೆಯ ವೇಗಕ್ಕೆ ಇದು ನೆರವಾಗುತ್ತದೆ. ಇದನ್ನು ಗ್ರಹಿಸುವ ಗ್ರಾಹಕಗಳು ಯೌವನದ ನಂತರ ಪ್ರತಿ ದಶಕಕ್ಕೆ ಅಂದಾಜು ಶೇ. 5ರಿಂದ 10ರಷ್ಟು ಕಡಿಮೆಯಾಗುತ್ತವೆ.

ಗ್ಲುಟಮೇಟ್: ಕೋಶಗಳ ನಡುವಿನ ಸಂಪರ್ಕವನ್ನು ಬಲಪಡಿಸುತ್ತದೆ. ಇದು ಅತಿಯಾದರೆ ಕೋಶಗಳಿಗೇ ಹಾನಿಕರ.

ಕಾರ್ಟಿಸಾಲ್: ಇದು ಒತ್ತಡದ ಹಾರ್ಮೋನು. ದೀರ್ಘಕಾಲ ಹೆಚ್ಚಾಗಿಯೇ ಉಳಿದರೆ ಹಿಪೊಕ್ಯಾಂಪಸ್‌ನ ಮೇಲೆ ದುಷ್ಪರಿಣಾಮ ಬೀರುತ್ತದೆ.

ಸಹಜ ಮರೆವು ಮತ್ತು ರೋಗ

ಪರಿಚಿತರ ಹೆಸರು ಥಟ್ಟನೆ ಹೊಳೆಯದೆ ಸ್ವಲ್ಪ ಹೊತ್ತಿನ ನಂತರ ನೆನಪಾಗುವುದು ವಯೋಸಹಜ. ಕೇಳಿದ ಪ್ರಶ್ನೆಯನ್ನೇ ಪದೇ ಪದೇ ಕೇಳುವುದು, ದಿನವೂ ನಡೆದ ದಾರಿಯಲ್ಲಿ ದಿಕ್ಕು ತಪ್ಪುವುದು, ಹಣದ ಲೆಕ್ಕ ಹಿಡಿಯಲಾಗದಿರುವುದು ಮರೆಗುಳಿ ರೋಗದ ಲಕ್ಷಣಗಳಾಗಿರಬಹುದು. ಈ ರೋಗದ ಪ್ರಮುಖ ಬಗೆಯಾದ ಆಲ್‌ಝೈಮರ್ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯ್ಸ್ ಆಲ್‌ಝೈಮರ್ 1906ರಲ್ಲಿ ಮೊದಲಿಗೆ ವಿವರಿಸಿದರು. ಇದರಲ್ಲಿ ಅಮಿಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳು ಮೆದುಳಿನಲ್ಲಿ ಶೇಖರಗೊಳ್ಳುತ್ತವೆ. ಅಸಿಟೈಲ್‌ಕೋಲಿನ್ ತಯಾರಿಸುವ ಕೋಶಗಳು ನಶಿಸುತ್ತವೆ. ಡೊನೆಪೆಝಿಲ್ ಮೊದಲಾದ ಔಷಧಗಳು ಅಸಿಟೈಲ್‌ಕೋಲಿನ್ ಬೇಗನೆ ವಿಭಜನೆಯಾಗದಂತೆ ತಡೆಯುತ್ತವೆ. ಇವುಗಳಿಂದ ಲಕ್ಷಣಗಳು ಸ್ವಲ್ಪ ಮಟ್ಟಿಗೆ ಹತೋಟಿಗೆ ಬರಬಹುದೇ ಹೊರತು ರೋಗವು ಗುಣವಾಗುವುದಿಲ್ಲ.

ಸರಿಪಡಿಸಬಹುದಾದ ಕಾರಣಗಳು

ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಹಾರ್ಮೋನಿನ ಕೊರತೆ, ಖಿನ್ನತೆ ಮತ್ತು ನಿದ್ರಾಹೀನತೆಗಳಿಂದಲೂ ಮರೆವು ಉಂಟಾಗುತ್ತದೆ. ಬಿ12 ಸಸ್ಯಾಹಾರದಲ್ಲಿ ವಿರಳವಾದ್ದರಿಂದ ಸಸ್ಯಾಹಾರಿ ವೃದ್ಧರು ಇದರ ಬಗ್ಗೆ ಗಮನ ಹರಿಸಬೇಕಾಗುತ್ತದೆ. ಅಲರ್ಜಿ ಮತ್ತು ಮೂತ್ರದ ತೊಂದರೆಗೆ ನೀಡುವ ಕೆಲವು ಮಾತ್ರೆಗಳು ಅಸಿಟೈಲ್‌ಕೋಲಿನ್‌ಗೆ ಅಡ್ಡಿಯಾಗಿ ಮರೆವನ್ನು ಹೆಚ್ಚಿಸಬಲ್ಲವು. ವಯಸ್ಸಾಯಿತೆಂದು ಸುಮ್ಮನಾದರೆ ಇಂಥ ಕಾರಣಗಳು ಪತ್ತೆಯಾಗದೆ ಉಳಿಯುತ್ತವೆ.

ಒಂದೆಲಗದ ಬಳಕೆ

ಶಿರಸಿ ತಾಲ್ಲೂಕಿನ ವಾನಳ್ಳಿಯೂ ಸೇರಿದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಒಂದೆಲಗದ ತಂಬುಳಿಯು ಪರಿಚಿತ ಅಡುಗೆ. ಸೊಪ್ಪನ್ನು ತೆಂಗಿನಕಾಯಿಯೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸಿ ಇದನ್ನು ತಯಾರಿಸುತ್ತಾರೆ. ಇದು ನೆನಪಿನ ಶಕ್ತಿಯನ್ನು ವೃದ್ಧಿಸುತ್ತದೆ ಎಂಬ ನಂಬಿಕೆಯಿದೆ. ಆಯುರ್ವೇದದಲ್ಲಿ ಮಂಡೂಕಪರ್ಣಿ ಎನಿಸಿಕೊಂಡ ಈ ಸಸ್ಯವನ್ನೂ ನೀರುಬ್ರಾಹ್ಮಿಯನ್ನೂ ಜನರು 'ಬ್ರಾಹ್ಮಿ' ಎಂದೇ ಕರೆಯುವುದುಂಟು. ಆದರೆ ಇವು ಬೇರೆ ಬೇರೆ ಸಸ್ಯಗಳು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಒಂದೆಲಗವು ಆಶಾದಾಯಕ ಫಲ ನೀಡಿದೆ. ಮನುಷ್ಯರಲ್ಲಿ ಅದು ಮರೆಗುಳಿ ರೋಗವನ್ನು ತಡೆಯುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ. ಆದ್ದರಿಂದ ಇದು ಆಹಾರವಾಗಿ ಉತ್ತಮವಾದರೂ ವೈದ್ಯಕೀಯ ತಪಾಸಣೆಗೆ ಪರ್ಯಾಯವಲ್ಲ.

ಕರ್ನಾಟಕದಲ್ಲಿ ಅಧ್ಯಯನ ಮತ್ತು ಚಿಕಿತ್ಸೆ

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿ ರೋಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೀರಿದ ಗ್ರಾಮೀಣರನ್ನು ದೀರ್ಘಕಾಲ ಪರೀಕ್ಷಿಸುವ ಅಧ್ಯಯನವನ್ನು ನಡೆಸುತ್ತಿದೆ. ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಹಯೋಗದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ಆರಂಭಿಸಿದೆ. ನಿಯಮಿತ ನಡಿಗೆ, ರಕ್ತದೊತ್ತಡ ಹಾಗೂ ಮಧುಮೇಹದ ನಿಯಂತ್ರಣ, ಶ್ರವಣದೋಷಕ್ಕೆ ಚಿಕಿತ್ಸೆ ಮತ್ತು ಜನರೊಡನೆ ಒಡನಾಟ ಇವು ರೋಗದ ಸಂಭವವನ್ನು ತಗ್ಗಿಸಲು ನೆರವಾಗುತ್ತವೆ.