ನಿಮಗಿದು ಗೊತ್ತೆ? ಗೌಚೋಗಳ ಬೆನ್ನಿಗಂಟಿದ ಚೂರಿ

ಅರ್ಜೆಂಟೀನಾ, ಉರುಗ್ವೆ, ದಕ್ಷಿಣ ಬ್ರೆಜಿಲ್‌ಗಳ ಹುಲ್ಲುಗಾವಲಿನಲ್ಲಿ ದನ ಮೇಯಿಸುತ್ತಿದ್ದ ಕುದುರೆ ಸವಾರರೇ ಗೌಚೋಗಳು. ಅವರ ಉದ್ದನೆಯ ಚೂರಿಗೆ ‘ಫಕೋನ್’ ಎಂದು ಹೆಸರು.

• ಇದನ್ನು ಬೆನ್ನ ಹಿಂದೆ ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುವುದೇ ರೂಢಿ.

• ಮುರಿದ ಖಡ್ಗ, ಬಯೊನೆಟ್‌ಗಳ ಅಲಗುಗಳೂ ಫಕೋನ್ ಆಗಿ ಮರುಹುಟ್ಟು ಪಡೆಯುತ್ತಿದ್ದವು.

• ಚರ್ಮ ಸುಲಿಯಲೂ ಅದೇ, ಕೆಂಡದಲ್ಲಿ ಸುಟ್ಟ ಮಾಂಸ ಕೊಯ್ದು ತಿನ್ನಲೂ ಅದೇ. ಜಗಳಕ್ಕೆ ನಿಂತರೆ ಎಡಗೈಗೆ ಸುತ್ತಿದ ಪೊಂಚೋ ಕಂಬಳಿಯೇ ಗುರಾಣಿ!

• 1830ರ ದಶಕದಲ್ಲಿ ಅಲ್ಲಿ ಸುತ್ತಾಡಿದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್, ಚೂರಿ ಕಾಳಗದಲ್ಲಿ ಎದುರಾಳಿಯ ಮುಖಕ್ಕೆ ಗುರುತು ಹಾಕುವುದೇ ಗುರಿ ಎಂದು ಬರೆದಿದ್ದಾರೆ.

• ಅರ್ಜೆಂಟೀನಾದ ಸಾನ್ ಆಂಟೋನಿಯೊ ದೆ ಅರೇಕೊ ಪಟ್ಟಣದ ಅಕ್ಕಸಾಲಿಗರು ಬೆಳ್ಳಿಯ ಕುಸುರಿಯಿಂದ ಸಿಂಗರಿಸುವ ಇಂಥ ಚೂರಿಗಳೆಂದರೆ ಸಂಗ್ರಹಕಾರರಿಗೆ ಇಂದಿಗೂ ಅಚ್ಚುಮೆಚ್ಚು.