ಈರುಳ್ಳಿಯ ಅಪರೂಪದ ದಾಯಾದಿಗಳು



ಮುಂಗಾರಿನ ಮೊದಲ ಮಳೆ ಬಿದ್ದು ನಾಲ್ಕಾರು ದಿನಗಳಾದ ಮೇಲೆ ಹೊಲದ ಬದು, ಹಳ್ಳದ ದಂಡೆ ಅಥವಾ ಗೋಮಾಳದ ಕಲ್ಲುನೆಲದಲ್ಲಿ ದಂಟೊಂದು ಎದ್ದು ಬಿಳಿ ಹೂ ಬಿಡುವುದನ್ನು ನೀವು ಕಂಡಿರಬಹುದು. ಸಂಜೆ ಅರಳಿ ಘಮಘಮಿಸುವ ಈ ಹೂ ಮರುದಿನದ ಬಿಸಿಲಿಗೆ ಬಾಡುತ್ತದೆ. ನೇಗಿಲಿಗೆ ಇದರ ಗಡ್ಡೆ ಸಿಕ್ಕಿದರೆ ಕಾಡು ಈರುಳ್ಳಿಯೆಂದು ಬದಿಗೆ ಎಸೆಯುತ್ತೇವೆ. ಹಾಗೆ ಎಸೆದದ್ದು ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಸಸ್ಯವೂ ಆಗಿರಬಹುದು. ಇದು ಉತ್ಪ್ರೇಕ್ಷೆಯ ಮಾತಲ್ಲ.

ನೂರು ವರ್ಷ ಕಾಣದ ಗಿಡ

ನಮ್ಮ ಕೃಷ್ಣಾ ನದಿ ಹುಟ್ಟುವ ಮಹಾಬಳೇಶ್ವರದ ಬೆಟ್ಟದಲ್ಲಿ ಕ್ರೈನಮ್ ವುಡ್‌ರೋವಿ ಎಂಬ ಗಡ್ಡೆಗಿಡವಿದೆ. ಪುಣೆಯಲ್ಲಿದ್ದ ವುಡ್‌ರೋ ಎಂಬವರ ಮೂಲಕ ದೊರೆತ ಈ ಸಸ್ಯವನ್ನು ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಬೇಕರ್ 1898ರಲ್ಲಿ ವರ್ಣಿಸಿ ಹೆಸರಿಟ್ಟರು. ಅನಂತರ ಸುಮಾರು ನೂರು ವರ್ಷ ಅದನ್ನು ಕಂಡವರಿಲ್ಲ, ಅಳಿದುಹೋಗಿರಬೇಕೆಂದೇ ಭಾವಿಸಲಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಅದು ಅದೇ ಬೆಟ್ಟದಲ್ಲಿ ಮತ್ತೆ ಸಿಕ್ಕಿತು.

ಇಷ್ಟು ಕಾಲ ಕಣ್ಣಿಗೆ ಬೀಳಲಿಲ್ಲವೇಕೆ? ಇಂತಹ ಗಿಡಗಳು ಬೇಸಿಗೆಯಲ್ಲಿ ಗಡ್ಡೆಯಾಗಿ ನೆಲದೊಳಗೆ ಅಡಗಿರುತ್ತವೆ. ಹೂವಿನ ಕಾಲ ಬಹಳ ಚಿಕ್ಕದು. ಹೂ ಮುಗಿದ ಮೇಲೆ ಬರಿಯ ಎಲೆ ನೋಡಿ ಒಂದರಿಂದ ಒಂದನ್ನು ಬೇರ್ಪಡಿಸುವುದು ಕಷ್ಟ. ರಸಭರಿತ ಹೂವನ್ನು ಒಣಗಿಸಿ ಹಾಳೆಗೆ ಅಂಟಿಸಿದರೆ ಬಣ್ಣ, ಆಕಾರ ಎರಡೂ ಕೆಡುತ್ತವೆ. ಆದ್ದರಿಂದ ಹೂ ಬಿಟ್ಟ ದಿನ ಅಲ್ಲಿ ನಿಂತು ನೋಡುವವರು ಬೇಕು.

ಹೊಸ ಪ್ರಭೇದಗಳೂ ಸಿಗುತ್ತಿವೆ. ಕನ್ನಡಿಗರೂ ನೆಲೆಸಿರುವ ಕಾಸರಗೋಡು ಜಿಲ್ಲೆಯಲ್ಲಿ, ಜಂಬಿಟ್ಟಿಗೆ ನೆಲದ ಮಳೆಗಾಲದ ತೊರೆಯ ನೀರಿನೊಳಗೆ ಬೆಳೆಯುವ ಕ್ರೈನಮ್ ಮಲಬಾರಿಕಮ್ ಅನ್ನು 2012ರಲ್ಲಿ ಗುರುತಿಸಿದರು. ನಮ್ಮ ಗಡಿಗೆ ಹೊಂದಿದ ಸೊಲ್ಲಾಪುರ ಜಿಲ್ಲೆಯ ಕ್ರೈನಮ್ ಸೋಲಾಪುರೆನ್ಸ್ ಹೆಸರು ಪಡೆದದ್ದು 2014ರಲ್ಲಿ.

ಕುಟುಂಬ ಬದಲಾದ ಬಗೆ

ಈ ಗಿಡಗಳ ಕುಟುಂಬಕ್ಕೆ ಅಮರಿಲ್ಲಿಡೇಸಿ ಎಂದು ಹೆಸರು. 1883ರಲ್ಲಿ ಪೂರ್ಣಗೊಂಡ ಬೆಂಥಮ್ ಮತ್ತು ಹೂಕರ್ ಅವರ ವರ್ಗೀಕರಣದಲ್ಲಿ ಅಂಡಾಶಯದ ಸ್ಥಾನವೇ ಮುಖ್ಯವಾಗಿತ್ತು. ಅಂಡಾಶಯ ಎಸಳುಗಳಿಗಿಂತ ಮೇಲಿದ್ದ ಈರುಳ್ಳಿ, ಬೆಳ್ಳುಳ್ಳಿಗಳು ಲಿಲಿಯ ಕುಟುಂಬಕ್ಕೆ ಹೋದವು. ಕೆಳಗಿದ್ದ ಕ್ರೈನಮ್, ಕತ್ತಾಳೆ, ಸುಗಂಧರಾಜಗಳು ಅಮರಿಲ್ಲಿಡೇಸಿಗೆ ಬಂದವು. 1934ರಲ್ಲಿ ಹಚಿನ್‌ಸನ್ ಇದನ್ನು ಒಪ್ಪದೆ, ಹೂಗೊಂಚಲೇ ನಿಜವಾದ ಗುರುತು ಎಂದು ವಾದಿಸಿ ಈರುಳ್ಳಿಯನ್ನು ಇತ್ತ ತಂದರು. ಮುಂದೆ ಡಿ.ಎನ್.ಎ. ಪರೀಕ್ಷೆಗಳು ಈ ನಂಟನ್ನು ಎತ್ತಿಹಿಡಿದವು. 2009ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳು ಅಮರಿಲ್ಲಿಡೇಸಿಗೆ ಸೇರಿದವು. ಕತ್ತಾಳೆ, ಸುಗಂಧರಾಜಗಳು ಶತಾವರಿಯ ಕುಟುಂಬಕ್ಕೆ ಹೋದವು. ಆದ್ದರಿಂದ ಬದುವಿನ ಕ್ರೈನಮ್ ನಿಮ್ಮ ಹೊಲದ ಈರುಳ್ಳಿಗೆ ದೂರದ ದಾಯಾದಿ.

ಗುರುತಿಸುವುದು ಹೇಗೆ?

1. ಬೀಜಕ್ಕೆ ಬಿಟ್ಟ ಈರುಳ್ಳಿಯನ್ನು ನೆನಪಿಸಿಕೊಳ್ಳಿ. ಎಲೆಯಿಲ್ಲದ ದಂಟಿನ ತುದಿಯಲ್ಲಿ ತೆಳುಪೊರೆ ಬಿರಿದು, ಕೊಡೆಯ ಕಡ್ಡಿಗಳಂತೆ ಹೂಗಳು ಒಂದೇ ಕಡೆಯಿಂದ ಹೊರಡುತ್ತವೆ. ಕ್ರೈನಮ್‌ನಲ್ಲೂ ಹೀಗೆಯೇ, ಹೂ ಮಾತ್ರ ದೊಡ್ಡದು.
2. ಆರು ಎಸಳು, ಆರು ಕೇಸರ ಇರುತ್ತವೆ. ಕೇಸರಗಳು ಬಿಡಿಬಿಡಿಯಾಗಿದ್ದರೆ ಕ್ರೈನಮ್. ಅವುಗಳ ಬುಡವನ್ನು ಬಿಳಿಯ ಬಟ್ಟಲಿನಂತಹ ಪೊರೆ ಕೂಡಿಸಿದ್ದರೆ ಪ್ಯಾಂಕ್ರೇಷಿಯಮ್.
3. ದಂಟಿನ ಉದ್ದಕ್ಕೂ ಸಣ್ಣ ಕಂದು ಛಾಯೆಯ ಹೂಗಳಿದ್ದರೆ ಅದು ಕಾಡು ಈರುಳ್ಳಿ. ಅದರ ಕುಟುಂಬವೇ ಬೇರೆ.

ಎಚ್ಚರಿಕೆ

ದಾಯಾದಿಯೆಂದು ನಂಬಿ ಗಡ್ಡೆಯನ್ನು ಬಾಯಿಗೆ ಹಾಕಬೇಡಿ. ಈರುಳ್ಳಿಯ ಘಾಟು ಇವುಗಳಲ್ಲಿಲ್ಲ. ಬದಲಿಗೆ ಲೈಕೋರಿನ್ ಎಂಬ ವಿಷಾಂಶವಿದ್ದು, ತಿಂದರೆ ವಾಂತಿಯಾಗುತ್ತದೆ. ಕಿತ್ತ ಗಡ್ಡೆಯನ್ನು ದನಕರುಗಳಿಗೆ ಸಿಗುವಂತೆ ಬಿಡಬಾರದು. ಇದೇ ಕುಟುಂಬದ ಗಿಡಗಳಲ್ಲಿರುವ ಗ್ಯಾಲಂಟಮಿನ್ ಎಂಬ ಇನ್ನೊಂದು ದ್ರವ್ಯವು ಮುಪ್ಪಿನ ಮರೆವಿನ ರೋಗವಾದ ಅಲ್ಝೈಮರ್‌ಗೆ ಔಷಧಿಯಾಗಿದೆ. ಕಾಸರಗೋಡಿನ ಹೊಸ ಪ್ರಭೇದದಲ್ಲೂ ಅದು ಇರುವುದು ಪರೀಕ್ಷೆಯಿಂದ ತಿಳಿದುಬಂದಿದೆ. ಆ ತೊರೆಯನ್ನು ಮುಚ್ಚಿ ನೆಲ ಸಮ ಮಾಡಿದ್ದರೆ ಈ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ.

ನೀವೇನು ಮಾಡಬಹುದು?

ಅಪರಿಚಿತ ಗಡ್ಡೆಗಿಡ ಹೂ ಬಿಟ್ಟಾಗ ಅಗೆಯಬೇಡಿ. ಇಡೀ ಗಿಡ, ಎಲೆ, ಹೂವಿನ ಒಳಭಾಗ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ದಿನಾಂಕ, ಸ್ಥಳ, ಮಣ್ಣಿನ ಬಗೆ ಬರೆದಿಡಿ. ಸಮೀಪದ ಕೃಷಿ ವಿಜ್ಞಾನ ಕೇಂದ್ರದ ಅಥವಾ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ತಜ್ಞರಿಗೆ ತೋರಿಸಿ.

ಬದು ಒಡೆಯುವುದು ಅನಿವಾರ್ಯವಾದರೆ ಗಡ್ಡೆಯನ್ನು ಬೇರು, ಮಣ್ಣಿನ ಸಮೇತ ತೆಗೆದು ಮೊದಲಿನಷ್ಟೇ ಆಳಕ್ಕೆ ಹೊಲದ ಮೂಲೆಯಲ್ಲಿ ನೆಡಿ. ಕ್ರೈನಮ್ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಕೂಡಿಡಲು ಬರುವುದಿಲ್ಲ. ತಿರುಳು ತುಂಬಿದ ಆ ಬೀಜ ನೀರಿಲ್ಲದೆಯೂ ಮೊಳೆಯುತ್ತದೆ, ಒಣಗಿದರೆ ಸಾಯುತ್ತದೆ. ಹಣ್ಣಾದ ಕೂಡಲೇ ಮರಳು ಬೆರೆತ ಮಣ್ಣಿನ ಮೇಲೆ ಇಡಬೇಕು.

ಬೀಜವನ್ನು ಉಗ್ರಾಣದಲ್ಲಿಟ್ಟು ಕಾಪಾಡಲಾಗದ ಇಂತಹ ಗಿಡಕ್ಕೆ ಅದು ಬೆಳೆದ ನೆಲವೇ ಉಗ್ರಾಣ. ಮುಂದಿನ ಮುಂಗಾರಿನಲ್ಲಿ ಬದುವಿನ ಮೇಲೆ ಬಿಳಿ ಹೂ ಕಂಡರೆ ಕುಡುಗೋಲು ಬೀಸುವ ಮೊದಲು ಒಂದು ಗಳಿಗೆ ನಿಂತು ನೋಡಿ.