ಮಳೆ ಹಿಡಿಯುವ ಮೊದಲೇ ಮದ್ದು: ಮಕ್ಕಳ ಕೈಯಲ್ಲಿ ಮೊಬೈಲ್

ಅಡಿಕೆ ತೋಟ ಇರುವವರಿಗೆ ಕೊಳೆರೋಗದ ಬಗ್ಗೆ ನಾವು ಹೇಳಿಕೊಡಬೇಕಾಗಿಲ್ಲ. ಕಾಯಿ ಉದುರಲು ತೊಡಗಿದ ಮೇಲೆ ಎಷ್ಟು ಮದ್ದು ಬಿಟ್ಟರೂ ಉದುರಿದ್ದು ಮರಳಿ ಗೊನೆಗೆ ಏರುವುದಿಲ್ಲ. ಆದುದರಿಂದ ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಒಮ್ಮೆ ಬಿಡುತ್ತೇವೆ. 40–45 ದಿನ ಕಳೆದು ಇನ್ನೊಮ್ಮೆ ಬಿಡುತ್ತೇವೆ. ಮಕ್ಕಳ ಕೈಯ ಮೊಬೈಲಿನ ವಿಷಯದಲ್ಲಿಯೂ ಇದೇ ಮಾತು. ಕೆಡುಕು ಸಂಭವಿಸುವ ಮೊದಲೇ ಮಾತನಾಡಬೇಕು. ಒಮ್ಮೆ ಹೇಳಿ ಸುಮ್ಮನಾಗದೆ ಆಗಾಗ ಮಾತನಾಡಬೇಕು.

ಮಧೂರಿನಂಥ ಊರುಗಳಲ್ಲಿ ಮೊಬೈಲ್ ಮಕ್ಕಳ ಕೈಗೆ ಹೇಗೆ ಬಂತೆಂಬುದನ್ನು ನೆನಪು ಮಾಡಿಕೊಳ್ಳೋಣ. ಕೊರೋನಾ ಕಾಲದಲ್ಲಿ, 2020ರ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಸಿದ್ಧವಾದವು. ಅದುವರೆಗೆ ಮಕ್ಕಳಿಗೆ ಫೋನ್ ಬೇಡವೆನ್ನುತ್ತಿದ್ದ ಹೆತ್ತವರೇ ಸಾಲ ಮಾಡಿ ತಂದುಕೊಟ್ಟರು. ಶಾಲೆ ಮತ್ತೆ ತೆರೆಯಿತು, ಫೋನ್ ಮಾತ್ರ ಮಕ್ಕಳ ಕೈಯಲ್ಲಿಯೇ ಉಳಿಯಿತು. ಅಷ್ಟೇ ಅಲ್ಲ, ಅನೇಕ ಮನೆಗಳಲ್ಲಿ ಕರೆಂಟಿನ ಬಿಲ್ಲು ಕಟ್ಟುವುದು, ಅಂಗಡಿಗೆ ಹಣ ಕಳುಹಿಸುವುದು, ಬ್ಯಾಂಕಿನ ಸಂದೇಶ ಓದಿ ಹೇಳುವುದು ಎಲ್ಲವೂ ಮಕ್ಕಳದ್ದೇ ಕೆಲಸ. ತಂದೆಯ ಖಾತೆಯ ಪಿನ್ ತಂದೆಗಿಂತ ಚೆನ್ನಾಗಿ ಮಗನಿಗೆ ಗೊತ್ತು.

ನಮ್ಮ ಪರಿಚಯದ ಒಂದು ಕೃಷಿಕ ಕುಟುಂಬದಲ್ಲಿ ನಡೆದ ಸಂಗತಿಯಿದು. ಎಂಟನೇ ತರಗತಿಯ ಹುಡುಗ. ಮೊಬೈಲ್ ಆಟದಲ್ಲಿ ಒಬ್ಬ ‘ಅಣ್ಣ’ನ ಪರಿಚಯವಾಯಿತು. ಮೊದಲು ಆಟದ ಮಾತು, ಆಮೇಲೆ ಮನೆಯ ಮಾತು, ಕೊನೆಗೆ ಫೋಟೋ ಕೇಳಿದ. ಕಳುಹಿಸಬಾರದಂಥ ಫೋಟೋವನ್ನು ಹುಡುಗ ಕಳುಹಿಸಿಬಿಟ್ಟ. ಮರುದಿನವೇ ಬೆದರಿಕೆ: ಹಣ ಕೊಡು, ಇಲ್ಲವಾದರೆ ಶಾಲೆಯವರಿಗೆಲ್ಲ ತೋರಿಸುತ್ತೇನೆ. ಹುಡುಗ ತಂದೆಯ ಖಾತೆಯಿಂದ ಐನೂರು, ಸಾವಿರ ಎಂದು ಕಳುಹಿಸುತ್ತ ಹೋದ. ಊಟ ಕಡಿಮೆಯಾಯಿತು, ನಿದ್ದೆ ಹೋಯಿತು. ಹೊಟ್ಟೆನೋವೆಂದು ತಿಳಿದು ತಾಯಿ ಕಷಾಯ ಮಾಡಿಕೊಟ್ಟರು. ಗೊಬ್ಬರಕ್ಕೆಂದು ಇಟ್ಟಿದ್ದ ಹಣ ಖಾಲಿಯಾದಾಗಲೇ ವಿಷಯ ಬೆಳಕಿಗೆ ಬಂತು. ‘ಮೊದಲೇ ಯಾಕೆ ಹೇಳಲಿಲ್ಲ ಮಗಾ?’ ಎಂದು ತಂದೆ ಕೇಳಿದರು. ‘ಹೇಳಿದರೆ ಹೊಡೆದು ಫೋನ್ ತೆಗೆಯುತ್ತಿದ್ದಿರಿ ಅಪ್ಪಾ’ ಎಂದು ಹುಡುಗ ಅತ್ತ.

ಆ ಮಾತಿನಲ್ಲಿ ನಮಗೆಲ್ಲರಿಗೂ ಪಾಠವಿದೆ. ಬೆದರಿಸುವವನ ಬಂಡವಾಳ ಫೋಟೋ ಅಲ್ಲ, ಹೆತ್ತವರ ಮೇಲೆ ಮಗುವಿಗಿರುವ ಹೆದರಿಕೆ. ಆ ಹೆದರಿಕೆ ಇಲ್ಲದಿದ್ದರೆ ಅವನ ವ್ಯಾಪಾರ ಮೊದಲ ದಿನವೇ ಮುಗಿಯುತ್ತಿತ್ತು. ಆದುದರಿಂದ ಮಕ್ಕಳಿಗೆ ನಾವು ಮೊದಲು ಕೊಡಬೇಕಾದುದು ಒಂದು ಭರವಸೆ: ‘ಏನೇ ಆದರೂ ನಮ್ಮಲ್ಲಿ ಹೇಳು. ಹೇಳಿದ್ದಕ್ಕಾಗಿ ಹೊಡೆಯುವುದಿಲ್ಲ, ಫೋನ್ ಕಸಿಯುವುದಿಲ್ಲ.’ ಹೇಳಿದ ಮೇಲೆ ಆ ಮಾತನ್ನು ನಡೆಸಿಕೊಡಬೇಕು.

ಇನ್ನು ಮನೆಯಲ್ಲಿ ಮಾಡಬಹುದಾದ ಕೆಲವು ಕ್ರಮಗಳು:

1. ಹಣದ ಪಿನ್ ಹೆತ್ತವರಲ್ಲಿಯೇ ಇರಲಿ. ಮಕ್ಕಳಿಂದ ಕಲಿತುಕೊಳ್ಳಿ, ಆದರೆ ಪಿನ್ ನೀವೇ ಒತ್ತಿರಿ. ನಮಗೆ ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತದೆಂದೇ ಅರ್ಥ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಆದರೂ ಬೇರೆ ಆಟಗಳ ಒಳಗೆ ಬಂದೂಕು, ಅಂಗಿ ಎಂದು ಮಾರುವುದು ಇದೆ. ಪ್ಲೇ ಸ್ಟೋರಿನಲ್ಲಿ ಖರೀದಿಗೆ ಪಾಸ್‌ವರ್ಡ್ ಬೇಕೆಂಬಂತೆ ಮಾಡಿಡಿ.

2. ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಎಂಬ ಉಚಿತ ಆ್ಯಪ್ ಇದೆ. ಮಗು ಯಾವ ಆ್ಯಪ್ ಹಾಕಬಹುದು, ದಿನಕ್ಕೆ ಎಷ್ಟು ಹೊತ್ತು ನೋಡಬಹುದು ಎಂಬುದನ್ನು ಅದರಲ್ಲಿ ನಿರ್ಧರಿಸಬಹುದು. ಕದ್ದುಮುಚ್ಚಿ ಹಾಕಬೇಡಿ, ಮಗುವಿಗೆ ತಿಳಿಸಿಯೇ ಹಾಕಿ.

3. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಖಾತೆ ತೆರೆಯಲು 13 ವರ್ಷ ತುಂಬಿರಬೇಕೆಂದು ಆ ಕಂಪೆನಿಗಳದ್ದೇ ನಿಯಮ. ಸುಳ್ಳು ವಯಸ್ಸು ಹಾಕಿಕೊಡಲು ನಾವು ನೆರವಾಗಬಾರದು.

4. ರಾತ್ರಿ ಎಲ್ಲರ ಫೋನುಗಳೂ, ನಮ್ಮದೂ ಸೇರಿ, ಚಾವಡಿಯ ಒಂದೇ ಜಾಗದಲ್ಲಿ ಚಾರ್ಜಿಗಿರಲಿ. ಮಲಗುವ ಕೋಣೆಗೆ ಬೇಡ. ಊಟದ ಹೊತ್ತಿಗೂ ಇದೇ ನಿಯಮ. ತಂದೆ ಕೈಯಲ್ಲಿ ಫೋನ್ ಹಿಡಿದು ಮಗನಿಗೆ ಬುದ್ಧಿ ಹೇಳಿದರೆ ನಾಟುವುದಿಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಮಿತಿ ಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ದೂರದಲ್ಲಿರುವ ಬಂಧುಗಳೊಡನೆ ಅಪರೂಪಕ್ಕೆ ವೀಡಿಯೊ ಕರೆ ಮಾತ್ರ ಸಾಕು ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ಐದು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಹತ್ತು ವರ್ಷದವರೆಗೆ 2 ಗಂಟೆಗಿಂತ ಕಡಿಮೆ. ಮಗು ಉಣ್ಣಲೆಂದು ಫೋನ್ ತೋರಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚುತ್ತಿದೆ. ಅಂಗಳದ ಕೋಳಿ, ದನ ತೋರಿಸಿ ಉಣಿಸುತ್ತಿದ್ದುದನ್ನು ಮರೆಯಬಾರದು.

ಇಷ್ಟಾಗಿಯೂ ಅನಾಹುತ ಆದರೆ ಏನು ಮಾಡಬೇಕು? ಮೊದಲು ಮಗುವನ್ನು ಹತ್ತಿರ ಕೂರಿಸಿ ‘ತಪ್ಪು ಮೋಸ ಮಾಡಿದವನದು’ ಎಂದು ಹೇಳಿ. ಬೆದರಿಸುವವನಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ, ಕೊಟ್ಟಷ್ಟೂ ಕೇಳುತ್ತಾನೆ. ಅವನ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಆದರೆ ಮಗುವಿನ ಅಂಥ ಫೋಟೋವನ್ನು ತೋರಿಸಲೆಂದು ಬೇರೆ ಯಾರಿಗೂ ಕಳುಹಿಸಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮಕ್ಕಳ ಯಾವುದೇ ಸಂಕಟಕ್ಕೆ 1098 ಇದೆ. ಕಾಸರಗೋಡಿನಲ್ಲಿ ಸೈಬರ್ ಪೊಲೀಸ್ ಠಾಣೆಯೂ ಇದೆ. 18 ವರ್ಷದೊಳಗಿನ ಮಕ್ಕಳಿಗೆ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯಿದ್ದು, ಮಗುವಿನ ಹೆಸರು, ಗುರುತು ಬಹಿರಂಗಪಡಿಸುವಂತಿಲ್ಲ. ‘ಊರಿಗೆ ಗೊತ್ತಾದರೆ ಮಾನ ಹೋಗುತ್ತದೆ’ ಎಂದು ಹಿಂಜರಿಯಬೇಕಾಗಿಲ್ಲ.

ಫೋನ್ ಬಿಟ್ಟಿರಲಾರದೆ ಹಟ, ಸಿಟ್ಟು ತೋರುವ ಮಕ್ಕಳಿಗಾಗಿ ಕೇರಳ ಪೊಲೀಸರು 2023ರಲ್ಲಿ ‘ಡಿ-ಡ್ಯಾಡ್’ ಎಂಬ ಆಪ್ತಸಲಹಾ ಕೇಂದ್ರಗಳನ್ನು ಆರಂಭಿಸಿದರು. ಅವುಗಳಲ್ಲಿ ಒಂದು ಕಣ್ಣೂರಿನದು.

ನಮಗೆ ಏನೂ ತಿಳಿಯದು, ಮಕ್ಕಳಿಗೇ ಎಲ್ಲ ತಿಳಿದಿದೆ ಎಂದು ಕೈಚೆಲ್ಲುವುದು ಸರಿಯಲ್ಲ. 2022ರಲ್ಲಿ ಕೇರಳದ ಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಮಕ್ಕಳ ಮೂಲಕವೇ ತಾಯಂದಿರಿಗೆ ಸೈಬರ್ ಸುರಕ್ಷತೆಯ ತರಬೇತಿ ನಡೆಯಿತು. ಮನೆಯಲ್ಲಿಯೂ ಹಾಗೆ ಮಾಡಬಹುದು. ಫೋನ್ ನಡೆಸುವುದು ಮಗುವಿಗೆ ಗೊತ್ತು, ಮನುಷ್ಯರನ್ನು ಅಳೆಯುವುದು ನಮಗೆ ಗೊತ್ತು. ಈ ವಾರವೇ ಒಂದು ಸಂಜೆ ಅಡಿಕೆ ಸುಲಿಯುತ್ತ ಕೂತಾಗ ಮಗುವಿನೊಡನೆ ಕೇಳಿ: ‘ನೀನು ಆಡುವ ಆಟ ಯಾವುದು, ನನಗೂ ತೋರಿಸು.’ ಅಲ್ಲಿಂದ ಮಾತು ತೊಡಗಲಿ. ಮದ್ದು ಬಿಡಲು ಅದೇ ಸರಿಯಾದ ಹೊತ್ತು.